ಕೆರೆ ಕುಡಿದು ಲೋಟ ಕೊಟ್ಟ ಸಾವ್ಕಾರ

ಒಂದಾನೊಂದು ಊರಿತ್ತು. ಊರಿನ ಹೆಸರು ಕೇಳಬೇಡಿ. ಹೆಸರು ಹೇಳಿದೆನೆಂದರೆ ಅದರ ಮುಂದೆ ಇನ್ನೊಬ್ಬನ ಹೆಸರನ್ನೂ ಹಚ್ಚಿ ಹೇಳಬೇಕಾಗುತ್ತದೆ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಒಲೆಯ ಮೇಲಿನ ಬೇಳೆ ಸೀದುಹೋಗುತ್ತದೆ. ಆ ಊರಿಗೊಂದು ಕೆರೆ. ಕೆರೆಯ ಆಚೆ ದನ ಮೇಯುವ ಗಾಯರಾಣ. ಗಾಯರಾಣದ ಅಂಚಿಗೆ ಹುಣಸೆ ತೋಪು. ತೋಪಿನೊಳಗೆ ಹಾಯ್ದು ಸಂತೆಗೆ ಹೋಗುವ ದಾರಿ. ಇಷ್ಟೂ ಯಾರದು ಅಂದರೆ ಒಬ್ಬರದಲ್ಲ, ಎಲ್ಲರದು. ಇದನ್ನು ನೆನಪಿಟ್ಟುಕೊಳ್ಳಿ ನನ್ನಪ್ಪಂದಿರಾ, ಮುಂದೆ ಇದನ್ನು ಮರೆಸುವವರು ಬರುತ್ತಾರೆ.

ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮನೆ ಮುಂದಿನ ಒರಳಲ್ಲಿ ಊರವರ ಮೆಣಸಿನಕಾಯಿ ಹಾಕಿಕೊಂಡು ಖಾರ ಕುಟ್ಟುವುದು ಅವಳ ಕೆಲಸ. ಓಣಿಯ ಹೆಂಗಸರೆಲ್ಲ ಅವಳ ಜೊತೆ ಒನಕೆ ಹಿಡಿಯುತ್ತಿದ್ದರು. ಕುಟ್ಟಿ ಕುಟ್ಟಿ ಅವರ ರಟ್ಟೆಗಳು ಬೇವಿನ ಕೊರಡಿನ ಹಾಗೆ ಗಟ್ಟಿಯಾಗಿದ್ದವು. ಈ ರಟ್ಟೆಗಳನ್ನೂ ನೆನಪಿಟ್ಟುಕೊಳ್ಳಿ.

ಅದೇ ಊರಲ್ಲಿ ಗಡಿಗೆಪ್ಪ ಅಂತ ಒಬ್ಬನಿದ್ದ. ಮೊದಲು ಬರೀ ಗಡಿಗೆಪ್ಪ. ನಿಮ್ಮ ಹಾಗೆ, ನನ್ನ ಹಾಗೆ, ಊಟ ಮಾಡಿದರೆ ಹೊಟ್ಟೆ ತುಂಬುವ ಮನುಷ್ಯ. ಒಂದು ದಿನ ಮಟಮಟ ಮಧ್ಯಾಹ್ನ ಅವನಿಗೆ ಬಾಯಾರಿಕೆಯಾಯಿತು. ಕೆರೆಗೆ ಹೋದ. ಬಗ್ಗಿದ. ಬಾಯಿ ಹಚ್ಚಿದ. ಕುಡಿದ. ತಂಪೆನಿಸಿತು. ಇನ್ನಷ್ಟು ಕುಡಿದ. ರುಚಿ ಅನಿಸಿತು. ಇನ್ನಷ್ಟು ಕುಡಿದ. ಆಮೇಲೆ ನಿಲ್ಲಿಸುವುದನ್ನೇ ಮರೆತ. ನೀರು ಹೋಯಿತು, ಮೀನು ಹೋದವು, ಕಪ್ಪೆ ಹೋದವು, ಒಂಟಿಕಾಲಲ್ಲಿ ಧ್ಯಾನಕ್ಕೆ ನಿಂತಿದ್ದ ಒಂದು ಬೆಳ್ಳಕ್ಕಿಯೂ ಹೋಯಿತು. ಬಾಯಿ ಒರೆಸಿಕೊಂಡು ಎದ್ದ. ಕೆರೆ ಇದ್ದಲ್ಲಿ ಕೆಸರು ಇತ್ತು. ಅದನ್ನೂ ಬೆರಳಲ್ಲಿ ತೆಗೆದು ನೆಕ್ಕಿದ.

ಕೊಡ ಹೊತ್ತು ಬಂದ ಫಕೀರವ್ವ ದಂಡೆಯ ಮೇಲೆ ನಿಂತು ಬಾಯಿ ಬಿಟ್ಟಳು.

"ಗಡಿಗೆಪ್ಪಣ್ಣ, ಕೆರಿ ಎಲ್ಲಿ?"

"ಬಾಯಾರಿತ್ತು. ಕುಡ್ದೆ."

"ಎಲ್ಲಾನೂ?"

"ಅರ್ಧಕ್ಕ ಬಿಟ್ರ ಎಂಜಲಾಗ್ತಿತ್ತಲ್ಲವಾ. ನನ್ನ ಎಂಜಲ ಊರಿಗೆ ಕುಡಸ್ಲೇನು? ನನಗೂ ನೇಮ-ನಿಷ್ಠಿ ಅಂತ ಐತಿ."

ನೋಡಿ! ಕೆರೆ ಕುಡಿದದ್ದಲ್ಲದೆ ಊರಿನ ಮಡಿ ಉಳಿಸಿದೆ ಅಂತ ಉಪಕಾರ ಬೇರೆ. ಅವನು ಹತ್ತಿರ ಹಾಯ್ದು ಹೋದಾಗ ಹೊಟ್ಟೆಯೊಳಗೆ ಕೆರೆ ಗುಳುಗುಳು ಅಂದದ್ದು ಫಕೀರವ್ವನಿಗೆ ಕೇಳಿಸಿತು. ಅವಳು ಹುಟ್ಟಿದಾಗಿನಿಂದ ಕೇಳಿದ ದನಿ. ಅದು ದೂರ ದೂರ ಹೋಯಿತು.

ನೀರು ಕುಡಿದವನಿಗೆ ಹಸಿವಾಗುವುದಿಲ್ಲವೇ? ಆಯಿತು. ಗಡಿಗೆಪ್ಪ ಗಾಯರಾಣಕ್ಕೆ ಹೋದ. ಒಂದು ಅಂಚಿನಿಂದ ಹಿಡಿದು ಹುಲ್ಲು ಸಮೇತ ಸುರುಳಿ ಸುತ್ತಿದ, ರೊಟ್ಟಿ ಸುತ್ತುವ ಹಾಗೆ. ಹುಣಸೆ ತೋಪು ನಂಜಿಕೊಂಡ. ತಿಂದ. ಕೊನೆಗೆ ಬಾಯಿಗೆ ಸಿಹಿ ಬೇಕೆನಿಸಿತು. ಸಂತೆಯ ದಾರಿಯನ್ನು ಶಾವಿಗೆಯ ಹಾಗೆ ಒಂದು ತುದಿ ಹಿಡಿದು ಸುರ್ರೆಂದು ಎಳೆದುಕೊಂಡ. ದಾರಿಯ ಮೇಲೆ ಹೋಗುತ್ತಿದ್ದ ಮಂದಿ ಪುಣ್ಯಕ್ಕೆ ಪಕ್ಕಕ್ಕೆ ಜಿಗಿದರು.

ಈಗ ಹೊಟ್ಟೆ ಎಷ್ಟಾಗಿರಬೇಡ! ಹೊಟ್ಟೆ ಮೊದಲು ಬಾಗಿಲು ದಾಟುತ್ತಿತ್ತು, ಗಡಿಗೆಪ್ಪ ಆಮೇಲೆ ನಿಧಾನಕ್ಕೆ ಬರುತ್ತಿದ್ದ. ಅವನು ಮಾತಾಡಿದರೆ ಒಳಗಿನ ಕಪ್ಪೆಗಳು ವಟರ್ ವಟರ್ ಅಂದು ಹೂಂಗುಟ್ಟುತ್ತಿದ್ದವು. ಊರ ದನಗಳಿಗೆ ಅವನ ಮೈಯಿಂದ ಹುಲ್ಲಿನ ವಾಸನೆ ಬರುತ್ತಿತ್ತು. ಅವು ಅವನ ಮನೆ ಮುಂದೆ ಗುಂಪು ನಿಂತು, ಹೊಟ್ಟೆ ನೋಡಿ ಅಂಬಾ ಅನ್ನುತ್ತಿದ್ದವು. ಅಂಥ ಹೊಟ್ಟೆಯವನನ್ನು ಬರೀ ಗಡಿಗೆಪ್ಪ ಅನ್ನಲಿಕ್ಕೆ ಬರುತ್ತದೆಯೇ? ಊರವರು ತಾವಾಗಿಯೇ ಸಾವ್ಕಾರ್ರ ಅನ್ನತೊಡಗಿದರು. ಯಾರೂ ಹೇಳಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಊರಿನ ನಾಲಿಗೆ ಒಣಗಿತು. ಹೆಂಗಸರು ಆಚೆ ಊರಿನ ಹಳ್ಳಕ್ಕೆ ಹೋಗಿ ನೀರು ತರಬೇಕಾಯಿತು, ಅದೂ ದಾರಿ ಇಲ್ಲದೆ, ಮುಳ್ಳುಕಂಟಿಯೊಳಗೆ. ಊರವರು ಸೇರಿ ಸಾವ್ಕಾರನ ಮನೆಗೆ ಹೋದರು. ಹೋಗಿ ಏನಂದರು ಗೊತ್ತೇ? "ನಮ್ಮ ಕೆರಿ ಕಕ್ಕು" ಅಂದರೇ? ಇಲ್ಲ. ಕೈಕಟ್ಟಿ ನಿಂತು, "ಊರಿಗೆ ಏನಾರ ಮಾಡ್ರಿ ಸಾವ್ಕಾರ್ರ, ತಮ್ಮಂಥ ದೊಡ್ಡವರು ಮನಸ್ಸ ಮಾಡಬೇಕು" ಅಂದರು.

ಸಾವ್ಕಾರನ ಕಣ್ಣಲ್ಲಿ ನೀರು ಬಂತು. ಕೆರೆಯದೇ ನೀರು ಅದು. "ಹೌದು, ಸಮಾಜಕ್ಕ ನಾ ಏನಾರ ಕೊಡಬೇಕು. ಕೊಡೂದ ನನ್ನ ಧರ್ಮ" ಅಂದ. ಕಪ್ಪೆಗಳು ವಟರ್ ಅಂದವು. ಹಾಗಂದು ಒಂದು ದೊಡ್ಡ ತೇಗು ತೇಗಿದ. ತೇಗಿನ ಜೊತೆ ಒಂದು ಲೋಟ ನೀರು ಮೇಲೆ ಬಂತು.

ಆ ಒಂದು ಲೋಟ ನೀರಿಗೆ ಹಂದರ ಹಾಕಿದರು. ಬಾಜಾ ಬಜಂತ್ರಿ ತರಿಸಿದರು. ಶಾಲು, ಹಾರ, ಫಲ-ತಾಂಬೂಲ. ಆದರೆ ಹಿತ್ತಾಳೆ ಲೋಟದ ಮೇಲೆ ಹೆಸರಿಲ್ಲದೆ ಕೊಟ್ಟರೆ ಕೊಟ್ಟವರು ಯಾರು ಅಂತ ನೀರಿಗೆ ಹೇಗೆ ಗೊತ್ತಾಗಬೇಕು? ಪಾತ್ರೆಗಳಿಗೆ ಹೆಸರು ಕೊರೆಯುವ ಮೌನೇಶಪ್ಪನನ್ನು ಕರೆಸಿದರು. ಬರೀ ಗಡಿಗೆಪ್ಪ ಅಂತ ಕೊರೆಯಲು ಅವನು ಉಳಿ ಎತ್ತಿದ.

"ಏ ಏ, ಹಂಗಲ್ಲ" ಅಂದ ಸಾವ್ಕಾರ. "ದಾನಶೂರ ಧರ್ಮಭೂಷಣ ಸಮಾಜದೀಪ ಶ್ರೀಮನ್ ಗಡಿಗೆಪ್ಪ ಸಾವ್ಕಾರ ಇವರ ಉದಾರ ಕೊಡುಗೆ. ಹಿಂಗ ಕೊರಿ."

ಮೌನೇಶಪ್ಪ ಟಕ್ ಟಕ್ ಟಕ್ ಅಂತ ಕೊರೆದ. ದಾನಶೂರ ಅನ್ನುವಷ್ಟರಲ್ಲಿ ಲೋಟ ಒಂದು ಸುತ್ತು ಮುಗಿಯಿತು. ಧರ್ಮಭೂಷಣಕ್ಕೆ ತಳ ಮುಗಿಯಿತು. ಜಾಗ ಸಾಲದೆ ಲೋಟದ ಒಳಗೆ ಇಳಿದು ಕೊರೆದ. ಸಮಾಜದೀಪ ಅರ್ಧ ಲೋಟ ತುಂಬಿತು. ಗಡಿಗೆಪ್ಪ ಸಾವ್ಕಾರ ಅನ್ನುವಷ್ಟರಲ್ಲಿ ಲೋಟ ಕಂಠದವರೆಗೂ ಹೆಸರಿನಿಂದ ತುಂಬಿಹೋಯಿತು. ನೀರಿಗೆ ಜಾಗವಿಲ್ಲ. ನೀರನ್ನು ನೆಲಕ್ಕೆ ಚೆಲ್ಲಿ, ಹೆಸರು ತುಂಬಿದ ಲೋಟವನ್ನು ಊರಿಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಲೋಟ ಬಾಯಿಗೆ ಹಚ್ಚಿದರು. ನಾಲಿಗೆಗೆ ಅಕ್ಷರ ತಾಗಿದವು.

"ಹೆಂಗೈತಿ?" ಅಂತ ಕೇಳಿದ ಸಾವ್ಕಾರ.

"ಹಿತ್ತಾಳಿ ಹಿತ್ತಾಳಿ ಆಗೈತಿ" ಅಂದಳು ಫಕೀರವ್ವ.

ಊರವರು ಅವಳನ್ನು ಸುಮ್ಮನಿರಿಸಿದರು. "ಏ ಹುಚ್ಚಿ, ಕೊಟ್ಟವರ ಮುಂದ ಹಂಗ ಅಂತಾರೇನ?"

ಕೊಡುವ ರುಚಿ ಹತ್ತಿದ ಮೇಲೆ ಸಾವ್ಕಾರ ಸುಮ್ಮನಿರುತ್ತಾನೆಯೇ? ಸಿಂಪಿಗರ ಓಣಿಗೆ ಒಂದು ಸೂಜಿ ಕೊಟ್ಟ. ಸೂಜಿಯ ಮೇಲೆ ಹೆಸರು ಹಿಡಿಯಲಿಲ್ಲ. ಹೆಸರು ಚಿಕ್ಕದು ಮಾಡಲಿಕ್ಕೆ ಬರುತ್ತದೆಯೇ? ಸೂಜಿ ದೊಡ್ಡದು ಮಾಡಿಸಿದರು. ಅದು ಹಾರೆಯಷ್ಟಾಯಿತು. ಅದರಲ್ಲಿ ರವಿಕೆ ಹೊಲಿಯಹೋಗಿ ಗೋಡೆಯನ್ನೂ ಸೇರಿಸಿ ಹೊಲಿದರು. ಗುಡಿಗೆ ಒಂದು ಗಂಟೆ ಕೊಟ್ಟ. ಬಾರಿಸಿದರೆ ಅದು ಢಣ್ ಅನ್ನಲಿಲ್ಲ, "ದಾನಶೂರ ಧರ್ಮಭೂಷಣ" ಅಂತ ಶುರುಮಾಡಿತು. ತನ್ನನ್ನೇ ಕರೆಯುತ್ತಿದ್ದಾರೆ ಅಂದುಕೊಂಡು ಎದ್ದು ಬಂದ ದೇವರು, ಬೇರೆ ಹೆಸರು ಕೇಳಿ ಮತ್ತೆ ಒಳಗೆ ಹೋಗಿ ಮಲಗಿದ. ಊರಿನ ಹುಂಜಕ್ಕೆ ಒಂದು ಗೆಜ್ಜೆ ಕೊಟ್ಟ. ಅಂದಿನಿಂದ ಹುಂಜ ಕೊಕ್ಕೊಕ್ಕೋ ಬಿಟ್ಟು ಸಾವ್ಕಾರನ ಹೆಸರು ಕೂಗತೊಡಗಿತು. ಅದು ಹೆಸರು ಕೂಗಿ ಮುಗಿಸದೆ ಬೆಳಗಾಗುವ ಹಾಗಿಲ್ಲವಲ್ಲ? ಸೂರ್ಯ ಕಾದು ಕಾದು ಬೇಸತ್ತು ನೇರ ನೆತ್ತಿಗೇ ಬಂದು ಮೂಡುತ್ತಿದ್ದ. ಆ ಊರಲ್ಲಿ ಮುಂಜಾನೆ ಅನ್ನುವುದೇ ನಿಂತುಹೋಯಿತು. ಅದಕ್ಕೂ ಚಪ್ಪಾಳೆ.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಆಮೇಲೆ ಬಂತು ನೋಡಿ ಚೀಲ. ಸಾವ್ಕಾರ ಮನೆಗೊಂದು ಗೋಣಿಚೀಲ ಹಂಚಿದ, ಹೆಸರು ಬರೆಸಿ. ಮಂದಿ ತಮ್ಮ ತಮ್ಮ ಜೋಳ ಅದರಲ್ಲಿ ತುಂಬಿಟ್ಟರು. ಮರುದಿನ ಸಾವ್ಕಾರ ಬಂದು, "ಎಲ್ಲಾರಿಗೂ ಜ್ವಾಳ ಕೊಟ್ಟೀನಿ, ಯಾರೂ ಚಪ್ಪಾಳಿ ಹೊಡೀಲಿಲ್ಲಲ್ಲ?" ಅಂದ.

"ಜ್ವಾಳ ನಮ್ದರಿ" ಅಂದಳು ಫಕೀರವ್ವ. "ನಾವ ಬಿತ್ತಿದ್ದು, ನಾವ ಬೆಳದಿದ್ದು."

"ಚೀಲ ಯಾರದು?"

"ನಿಮ್ದು."

"ಚೀಲ ನಂದಂದ ಮ್ಯಾಲ ಚೀಲದಾಗಿನ ಜ್ವಾಳ ಗಾಳಿಯೊಳಗ ನಿಂತಿತ್ತೇನು? ನಾ ಕೊಟ್ಟಿದ್ದರೊಳಗ ಏನ ಐತೋ ಅದೂ ನಾ ಕೊಟ್ಟಿದ್ದ. ಅದಕ್ಕೂ ನನ್ನ ಹೆಸರ."

ಊರವರು ತಲೆ ಕೆರೆದುಕೊಂಡರು. ಹೌದಲ್ಲ ಅನಿಸಿತು. ತಮ್ಮ ಜೋಳಕ್ಕೆ ತಾವೇ ಚಪ್ಪಾಳೆ ತಟ್ಟಿದರು. ಫಕೀರವ್ವ ತಟ್ಟಲಿಲ್ಲ. ಮನೆಗೆ ಹೋಗಿ ಒನಕೆ ಹಿಡಿದು ಖಾಲಿ ಒರಳನ್ನೇ ಕುಟ್ಟಿದಳು. "ನಮ್ಮದ ತಿಂದು ನಮಗ ಧರ್ಮ ಮಾಡ್ತಾನ. ನಮ್ಮದ ತಿಂದು ನಮಗ ಧರ್ಮ ಮಾಡ್ತಾನ" ಅಂತ ಗೊಣಗುತ್ತ ಕುಟ್ಟಿದಳು. ಪಕ್ಕದವರು ಏನು ಕುಟ್ಟುತ್ತೀಯೇ ಅಂತ ಕೇಳಿದರೆ, ಸಿಟ್ಟು ಕುಟ್ಟುತ್ತಿದ್ದೇನೆ, ಇನ್ನೂ ನುಣ್ಣಗಾಗಿಲ್ಲ ಅಂದಳು.

ಹೀಗಿರುವಾಗ ಫಕೀರವ್ವನ ತಮ್ಮ ದುರಗಪ್ಪನ ಹೆಂಡತಿ ಕಳಕವ್ವ ಹಡೆದಳು. ಹೆಣ್ಣುಕೂಸು. ಎಷ್ಟೋ ವರ್ಷ ಕಾದು ಕಾದು, ಹರಕೆ ಹೊತ್ತು ಹೊತ್ತು ಬಂದ ಕೂಸು. ಕೂಸನ್ನು ನೋಡಿದ ಕೂಡಲೇ ಫಕೀರವ್ವ, "ಯವ್ವಾ, ಬಂದೇನ ನನ್ನವ್ವಾ" ಅಂದು ಗಳಗಳ ಅತ್ತಳು. ಯಾಕೆ ಅತ್ತಳು ಹೇಳುತ್ತೇನೆ.

ಫಕೀರವ್ವನ ತಾಯಿ ಬಾಳವ್ವ. ಬಾಳವ್ವ ಇರುವ ತನಕ ಓಣಿಯಲ್ಲಿ ಬಾಣಂತಿ ಇದ್ದರೆ, ಮುದುಕರಿದ್ದರೆ, ಜ್ವರ ಬಂದವರಿದ್ದರೆ ಅವರ ಮನೆಗೆ ಕೆರೆಯಿಂದ ನೀರು ಹೊತ್ತು ಹಾಕುತ್ತಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ. ಒಂದು ದಿನ ಕೊಡ ಇಳಿಸಿ, ಉಸ್ಸೆಂದು ಕೂತವಳು ಮತ್ತೆ ಏಳಲಿಲ್ಲ. ಅವಳ ಹೆಸರು ಒಂದು ಲೋಟದ ಮೇಲಿಲ್ಲ, ಒಂದು ಕಲ್ಲಿನ ಮೇಲಿಲ್ಲ. ಅವಳು ಹೊತ್ತು ಹಾಕಿದ ನೀರು ಕುಡಿದವರಿಗೇ ನೆನಪಿರಲಿಲ್ಲ. ಅದು ಉಳಿದದ್ದು ಫಕೀರವ್ವನ ಬಾಯಲ್ಲಿ ಮಾತ್ರ. ಅವಳು ಸತ್ತರೆ ಅದೂ ಸತ್ತಂತೆ. ಕೂಸಿಗೆ ಆ ಹೆಸರಿಡಬೇಕು ಅನ್ನುವುದೊಂದೇ ಅವಳ ಆಸೆ. ಅವಳು ಬೇರೆ ಏನನ್ನೂ ಯಾರಲ್ಲೂ ಬೇಡಿದವಳಲ್ಲ.

ಇಡುವ ಹಕ್ಕೂ ಅವಳದೇ. ಆ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ಗೊತ್ತಿಲ್ಲದವರು ಕೇಳಿ. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳಬೇಕು. ಅವಳು ಹಾಗೆ ಬಗ್ಗಿ ಕುರ್ರ್ ಅನ್ನುತ್ತಿದ್ದಂತೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದಿಲ್ಲದ ಹೆಸರು ಹತ್ತುವುದಿಲ್ಲ. ಇದು ಹೆಂಗಸರ ಶಾಸ್ತ್ರ. ಗಂಡಸರು ಹೊರಗೆ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಒಳಗೆ ಏನು ನಡೆಯುತ್ತದೆ ಅಂತ ಅವರಿಗೆ ತಿಳಿಯದು, ಕೇಳುವುದೂ ಇಲ್ಲ. ಫಕೀರವ್ವ ಊರಿನ ಎಲ್ಲ ಸೋದರತ್ತೆಯರನ್ನೂ ಗುದ್ದಿ ಬಂದವಳು. ತನ್ನ ಬೆನ್ನಿಗೆ ಯಾವಾಗ ಬೀಳುತ್ತದೋ ಅಂತ ಕಾದವಳು.

ಆದರೆ ತೊಟ್ಟಿಲು ಬೇಕಲ್ಲ? ಕಟ್ಟಿಗೆ ಎಲ್ಲಿಂದ ತರುವುದು, ತೋಪೇ ಸಾವ್ಕಾರನ ಹೊಟ್ಟೆಯಲ್ಲಿರುವಾಗ? ದುರಗಪ್ಪ ಕೂಸನ್ನು ಮೊರದಲ್ಲಿ ಮಲಗಿಸಿದ್ದ. ಸುದ್ದಿ ಸಾವ್ಕಾರನಿಗೆ ಮುಟ್ಟಿತು. ಅವನು ಮತ್ತೊಮ್ಮೆ ತೇಗಿದ. ಒಂದು ಹುಣಸೆ ಕೊಂಬೆ ಬಂತು. ಅದರಲ್ಲಿ ತೊಟ್ಟಿಲು ಮಾಡಿಸಿ, ಬಾಜಾ ಬಾರಿಸಿ ಕಳಿಸಿದ. ತೊಟ್ಟಿಲ ತುಂಬ ಹೆಸರು. ತೂಗಿದರೆ ಸಾಕು, ಕಿರ್ರ್ ಅಂತ ಬಾಯಿ ಬಿಟ್ಟು, "ದಾನಶೂರ ಧರ್ಮಭೂಷಣ ಸಮಾಜದೀಪ" ಅನ್ನುತ್ತಿತ್ತು. ಬಡಪಾಯಿ ದುರಗಪ್ಪ ಹಲ್ಲು ಕಿಸಿದು ತೆಗೆದುಕೊಂಡ. ಕೂಸನ್ನು ಅದರೊಳಗೆ ಹಾಕಿದ. ಅದು ಕಿಟಾರನೆ ಕಿರುಚಿತು.

ತೊಟ್ಟಿಲ ಬೆನ್ನಿಗೇ ಸಾವ್ಕಾರನ ಮಾತೂ ಬಂತು. ಕೊಡುಗೆಯೊಳಗೆ ಇರುವುದೂ ಕೊಡುಗೆ. ಆದ್ದರಿಂದ ಕೂಸಿನ ಹೆಸರು ದಾನಶೂರ ಧರ್ಮಭೂಷಣ ಸಮಾಜದೀಪ ಶ್ರೀಮನ್ ಗಡಿಗೆಪ್ಪ ಸಾವ್ಕಾರ.

ಫಕೀರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾವ್ಕಾರನ ಮನೆಗೆ ನಡೆದಳು. ಬಾಗಿಲಲ್ಲಿ ದನಗಳು ಅಂಬಾ ಅನ್ನುತ್ತ ನಿಂತಿದ್ದವು. ಅವುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಳು. ಸಾವ್ಕಾರ ಮಂಚದ ಮೇಲೆ ಒರಗಿದ್ದ. ಹೊಟ್ಟೆ ಎದುರಿಗೆ ಗುಡ್ಡದ ಹಾಗೆ ಕೂತಿತ್ತು. ಒಳಗೆ ಕೆರೆಯ ಅಲೆ ದಂಡೆಗೆ ಬಡಿಯುವ ದನಿ ಕೇಳಿಸಿತು. ಫಕೀರವ್ವನ ಅವ್ವ ಕೊಡ ಮುಳುಗಿಸುವಾಗ ಬರುತ್ತಿದ್ದ ದನಿ ಅದು.

"ಸಾವ್ಕಾರ್ರ, ಕೂಸಿಗೆ ನಮ್ಮವ್ವನ ಹೆಸರ ಇಡಬೇಕಂತ ಮಾಡೀನಿ. ಬಾಳವ್ವ ಅಂತ. ಅಷ್ಟು ಬಿಟ್ಟುಕೊಡ್ರಿ."

"ಬಾಳವ್ವ? ಅಕಿ ಊರಿಗೆ ಏನ ಕೊಟ್ಟಾಳ?"

"ನೀರ ಕೊಟ್ಟಾಳ್ರಿ. ಸಾಯೂ ತನಕ ಹೊತ್ತಾಳ."

"ನೀರೇನ ಅಕೀದಾ? ಕೆರೀದು. ಕೆರಿ ಯಾರದು?" ಅಂದು ಸಾವ್ಕಾರ ಹೊಟ್ಟೆ ತಟ್ಟಿಕೊಂಡ. ಕಪ್ಪೆಗಳು ವಟರ್ ಅಂದವು.

ಫಕೀರವ್ವನ ಮೈ ಉರಿದುಹೋಯಿತು. "ಕೆರಿ ಊರಿಂದು! ನೀವು ಕುಡ್ದೀರಿ! ಗಾಯರಾಣ ತಿಂದ್ರಿ, ಮರಾ ತಿಂದ್ರಿ, ದಾರಿ ತಿಂದ್ರಿ. ಒಂದ ಕೆರಿ ಕುಡ್ದು ಒಂದ ಲೋಟ ಕೊಟ್ರಿ, ಅದರಾಗೂ ನಿಮ್ಮ ಹೆಸರ ತುಂಬಿ ಕೊಟ್ರಿ. ಇನ್ನ ಕೂಸನ್ನೂ ಬಿಡಂಗಿಲ್ಲೇನ್ರಿ? ನಿಮಗ ನಾಚ್ಕಿ ಅನ್ನೂದು ಐತೋ ಇಲ್ಲೋ?"

ಸಾವ್ಕಾರನಿಗೆ ನಿಜವಾಗಿಯೂ ಬೇಜಾರಾಯಿತು. "ನೋಡವಾ, ಇದ ನನಗ ತಿಳೀದ ವಿಷಯ. ಲೋಟ ಕೊಟ್ಟೀನಿ, ಸೂಜಿ ಕೊಟ್ಟೀನಿ, ಗಂಟಿ ಕೊಟ್ಟೀನಿ, ಗೆಜ್ಜಿ ಕೊಟ್ಟೀನಿ. ಎಷ್ಟ ಕೊಟ್ರೂ ಮಂದಿ ಬಾಯಾಗ ಕೆರಿ ಕೆರಿ ಕೆರಿ! ಉಪಕಾರ ಅನ್ನೂದ ಉಳದಿಲ್ಲ ಜಗತ್ತಿನ್ಯಾಗ." ಅವನ ಕಣ್ಣಿಂದ ಮತ್ತೆ ಕೆರೆಯ ನೀರು ಎರಡು ಹನಿ ಉದುರಿತು. "ಇರಲಿ. ಕೂಸಿಗೆ ಹೆಸರ ನಾನ ಬಂದು ಇಡ್ತೀನಿ. ನೀ ಇಟ್ರ ಅರ್ಧ ನುಂಗಿಬಿಡ್ತಿ. ಶಾಸ್ತ್ರ ಏನ ಐತೋ ಒಂದೂ ಬಿಡಬ್ಯಾಡ್ರಿ. ಎಲ್ಲಾ ಸಾಂಗವಾಗಿ ಆಗಬೇಕು. ಶಾಸ್ತ್ರ ಮುಗಿಯೂ ತನಕ ಯಾರೂ ಕದಲಂಗಿಲ್ಲ."

ಫಕೀರವ್ವ ಅಳುತ್ತ ಮನೆಗೆ ಬಂದಳು. ಉಪಾಯ ಹೂಡಿದಳು ಅಂದುಕೊಳ್ಳಬೇಡಿ. ಪಾಪ, ಅವಳಿಗೆ ಉಪಾಯವೆಲ್ಲಿಂದ ಬರಬೇಕು, ಅವಳು ಬರೀ ಅತ್ತಳು.

ಶಾಸ್ತ್ರದ ದಿನ ಬಂತು. ಹುಂಜ ಹೆಸರು ಕೂಗಿ ಮುಗಿಸಿತು, ಸೂರ್ಯ ನೆತ್ತಿಗೆ ಮೂಡಿದ. ಗಂಡಸರು ಕಟ್ಟೆಯ ಮೇಲೆ ಕೂತರು. ಸಾವ್ಕಾರನ ಹೊಟ್ಟೆ ಒಳಗೆ ಬಂತು, ಆಮೇಲೆ ಸಾವ್ಕಾರ ಬಂದ. ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತರು. ಖಾರ ಕುಟ್ಟುವ ಹೆಂಗಸರು. ಫಕೀರವ್ವ ಅವರ ನಡುವೆ ನಿಂತಳು, ಎಂದಿನ ಹಾಗೆ ಗುದ್ದುವವಳಾಗಿ. ಈ ಬಾರಿಯೂ ಅವಳ ಬೆನ್ನಿಗಿಲ್ಲ. ಕಳಕವ್ವ ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದಳು.

"ಹೆಂಗ ಮಾಡಬೇಕು?" ಕೇಳಿದ ಸಾವ್ಕಾರ. ಹುಟ್ಟಿ ಇಷ್ಟು ವರ್ಷವಾದರೂ ಅವನು ಒಂದು ತೊಟ್ಟಿಲ ಶಾಸ್ತ್ರ ಒಳಗೆ ನಿಂತು ನೋಡಿದವನಲ್ಲ.

"ಬಗ್ಗಿ, ಕೂಸಿನ ಕಿವ್ಯಾಗ ಕುರ್ರ್ ಅಂದು ಹೆಸರ ಹೇಳಬೇಕ್ರಿ" ಅಂದಳು ಒಬ್ಬ ಮುದುಕಿ.

ಸಾವ್ಕಾರ ಕಷ್ಟಪಟ್ಟು ಬಗ್ಗಿದ. ಬೆನ್ನು ಅಂಗಳದಷ್ಟು ಅಗಲವಾಗಿ ಹರಡಿತು. ತೊಟ್ಟಿಲಿಗೆ ಬಾಯಿ ಹಚ್ಚಿ, "ಕುರ್ರ್" ಅಂದ. "ದಾನಶೂ..." ಅಂದ.

ಫಕೀರವ್ವನ ಕೈ ತಾನಾಗಿಯೇ ಎದ್ದಿತು. ಎಷ್ಟು ಸೋದರತ್ತೆಯರನ್ನು ಗುದ್ದಿದ ಕೈ ಅದು! ಕುರ್ರ್ ಕೇಳಿದ ಮೇಲೆ ಅದು ಯಾರ ಮಾತು ಕೇಳುತ್ತದೆ? ದಬ್ ಅಂತ ಒಂದು ಬಿತ್ತು. ಸಾವ್ಕಾರ ಕೆಮ್ಮಿದ. ಅವನ ಬಾಯಿಂದ ಬೆಳ್ಳಕ್ಕಿ ಹೊರಗೆ ಬಿತ್ತು. ಮೈ ಕೊಡವಿಕೊಂಡು, ಒಂಟಿಕಾಲಲ್ಲಿ ನಿಂತು, ಸುತ್ತ ನೋಡಿ, "ಎಷ್ಟ ಹೊತ್ತಾತು ನಾ ಧ್ಯಾನಕ್ಕ ನಿಂತು?" ಅಂತ ಕೇಳಿತು.

ಹೆಸರು ಹೇಳುತ್ತಿದ್ದ ತೊಟ್ಟಿಲು ಅರ್ಧಕ್ಕೇ ನಿಂತಿತು.

"ಯಾರು ಹೊಡದವರು?" ಗುಡುಗಿದ ಸಾವ್ಕಾರ.

"ಹೊಡದದ್ದಲ್ರಿ, ಶಾಸ್ತ್ರ" ಅಂದಳು ಮುದುಕಿ. "ಹೆಸರ ಇಡೋರಿಗೆ ಬೆನ್ನಿಗೆ ಗುದ್ದಬೇಕು. ಗುದ್ದಿಲ್ಲದ ಹೆಸರ ಹತ್ತಂಗಿಲ್ಲ."

ಫಕೀರವ್ವ ಬೆಳ್ಳಕ್ಕಿಯನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಆಗ ಅವಳ ಎದೆಯಲ್ಲಿ ಇಷ್ಟು ದಿನ ಕುಟ್ಟಿದರೂ ನುಣ್ಣಗಾಗದ ಸಿಟ್ಟು ಮೇಲೆದ್ದು ಬಂತು.

"ಸಾವ್ಕಾರ್ರ, ಲೋಟಕ್ಕ ಹೆಸರ ಇಟ್ರಿ. ಗುದ್ದ ಬಿತ್ತೇನ್ರಿ?"

"ಇಲ್ಲ..."

"ಸೂಜಿಗೆ ಇಟ್ರಿ. ಗಂಟಿಗೆ, ಗೆಜ್ಜಿಗೆ, ಚೀಲಕ್ಕ, ನಮ್ಮ ಜ್ವಾಳದ ಕಾಳಕಾಳಿಗೂ ಹೆಸರ ಇಟ್ರಿ. ಒಂದಕ್ಕರ ಗುದ್ದ ಬಿತ್ತೇನ್ರಿ? ಶಾಸ್ತ್ರ ಒಂದೂ ಬಿಡಬ್ಯಾಡ್ರಿ ಅಂತ ನೀವ ಹೇಳೀರಿ. ಯಾರೂ ಕದಲಂಗಿಲ್ಲ ಅಂತ ನೀವ ಹೇಳೀರಿ. ಬಾಕಿ ಉಳಿಸ್ಕೊಂಡು ಹೋದ್ರ ದೊಡ್ಡವರಿಗೆ ಶೋಭಾ ಅಲ್ಲ. ಬರ್ರೆವಾ ಎಲ್ಲಾರೂ!"

ಬಂದರು. ಲೋಟದ್ದು ಅಂತ ದಬ್. ಕಪ್ಪೆಗಳು ಪುಳಕ್ ಪುಳಕ್ ಅಂತ ಹೊರಗೆ ಹಾರಿದವು. ಸೂಜಿಯದು ಅಂತ ದಬ್, ಹಾರೆಯಷ್ಟು ಸೂಜಿಗೆ ಹಾರೆಯಷ್ಟೇ ಗುದ್ದು. ಮೀನು ಬಂದವು. ಗಂಟೆಯದು ಅಂತ ದಬ್. ನೀರು ಬಂತು. ನೀರು ಬಂತು, ಬಂತು, ಅಂಗಳ ದಾಟಿ, ಓಣಿ ದಾಟಿ, ತನ್ನ ಹಳೆಯ ದಂಡೆ ನೆನಪಿಸಿಕೊಂಡು ಓಡಿತು. ಗೆಜ್ಜೆಯದು ಅಂತ ದಬ್. ಗಾಯರಾಣ ಸುರುಳಿಯಾಗಿಯೇ ಉರುಳಿ ಬಂದು, ಕೆರೆಯಾಚೆ ಹೋಗಿ ಹಾಸಿಕೊಂಡಿತು. ದನಗಳು ಬಾಲ ಎತ್ತಿಕೊಂಡು ಅದರ ಹಿಂದೆ ಓಡಿದವು. ತೋಪಿನ ಮರಗಳು ಬೇರು ಎತ್ತಿಕೊಂಡು, ಕೆಸರು ತುಳಿಯದ ಹಾಗೆ ಒಂದರ ಹಿಂದೆ ಒಂದು ನಡೆದವು. ತೊಟ್ಟಿಲು ನೋಡಿ ನೋಡಿ, ತನ್ನ ಮರ ಹೋಗುವುದ ಕಂಡು, "ಎವ್ವಾ" ಅಂದಿತು. ಅದು ಆಡಿದ ಮೊದಲ ಸ್ವಂತ ಮಾತು.

"ಸಾಕು! ಸತ್ತೆ! ನಿಲ್ಲಸ್ರೆವಾ!" ಅಂದ ಸಾವ್ಕಾರ.

"ಹೆಂಗ ನಿಲ್ಲಸೂದ್ರಿ? ಜ್ವಾಳದ ಕಾಳಿನ್ನೂ ಹಂಗ ಉಳದಾವ" ಅಂದರು ಹೆಂಗಸರು.

ದಬ್ ದಬ್ ದಬ್. ಕೊನೆಗೆ ಸಂತೆಯ ದಾರಿ ಸುರ್ರೆಂದು ಬಂದು, ಬಾಗಿಲಿಂದ ಹೊರಬಿದ್ದು, ನೇರ ಸಂತೆಗೆ ಹೋಗಿ ಮುಟ್ಟಿತು. ತೊಟ್ಟಿಲ ಮೇಲೆ ಬಗ್ಗಿದವನು ಎದ್ದು ನಿಂತ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಧೋತರ ಜಾರುತ್ತಿತ್ತು, ಎರಡು ಕೈಯಲ್ಲಿ ಹಿಡಿದುಕೊಂಡ. ಹೆಸರು ಹೇಳಲು ಬಾಯಿ ತೆರೆದ. ಉಸಿರು ಸಾಲಲಿಲ್ಲ. "ಗಡಿಗೆಪ್ಪ" ಅಂತಷ್ಟೇ ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಊರು ಊರೇ. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರು ಕಾಲಡಿಗೆ ನೀರು ಹರಿದದ್ದು ಕಂಡು ಎದ್ದು ಬಂದರು. ದುರಗಪ್ಪ ಕೈ ಮುಗಿದು, "ಸಾವ್ಕಾರ್ರು ಊರಿಗೆ ಕೆರಿ ಕೊಟ್ರು! ಹಾರಾ ತರ್ರಿ! ಬಾಜಾ ಕರಸ್ರಿ!" ಅಂದ. ಮಂದಿ ಚಪ್ಪಾಳೆಗೆ ಕೈ ಎತ್ತಿದರು. ಮೌನೇಶಪ್ಪ ಆಗಲೇ ಉಳಿ ಹಿಡಿದು ಕೆರೆಯ ದಂಡೆಗೆ ಹೊರಟಿದ್ದ. ಗಡಿಗೆಪ್ಪನ ಕಣ್ಣು ಮಿನುಗಿತು. ಧೋತರ ಬಿಟ್ಟು ಕುತ್ತಿಗೆ ಮುಂದೆ ಚಾಚಿದ, ಹಾರಕ್ಕೆ.

"ಕೈ ಇಳಸ್ರಿ!" ಅಂದಳು ಫಕೀರವ್ವ.

ಆ ಕೂಗಿಗೆ ಹುಂಜ ಕೂಡ ಹೆಸರು ಮರೆಯಿತು.

"ಕೊಟ್ಟಿದ್ದಲ್ಲೋ ದುರಗಾ, ತಿರುಗಿ ಬಂದಿದ್ದು! ನಮ್ದ ನಮಗ ಬಂದ್ರ ಹಾರ ಯಾಕ? ಚಪ್ಪಾಳಿ ಯಾಕ? ಇಷ್ಟ ದಿವಸ ಹುಲ್ಲಿಲ್ಲದ ದನಾ ಸತ್ತಾವ, ಅದಕ್ಕ ಯಾರ ಹೆಸರ ಕೊರದ್ರಿ? ಮೌನೇಶಪ್ಪಣ್ಣ, ಆ ಉಳಿ ಕೆಳಗಿಡು. ಕೆರಿಗೆ ಹೆಸರ ಬ್ಯಾಡ, ಕೆರಿಗೆ ನೀರ ಸಾಕು."

ಕೈ ಎತ್ತಿದ್ದ ಮಂದಿ ಎತ್ತಿಯೇ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಇಳಿಸಿದರು. ಎತ್ತಿದ ಕೈ ಖಾಲಿ ಇಳಿಸುವುದು ಎಷ್ಟು ಕಷ್ಟ ಅಂತ ಅವರಿಗೆ ಅಂದು ತಿಳಿಯಿತು.

ಗಡಿಗೆಪ್ಪ ಬಾಗಿಲಲ್ಲಿ ನಿಂತು ಮೆಲ್ಲಗೆ, "ಬಾಯಾರೈತಿ" ಅಂದ.

ಫಕೀರವ್ವ ಅವನ ಮುಖ ನೋಡಿದಳು. ಹೆಸರು ತುಂಬಿದ ಲೋಟ ತಂದು ಅವನ ಕೈಗಿಟ್ಟಳು. "ಕೆರಿಗೆ ಹೋಗು. ಇದರಾಗ ಹಿಡಿಯೂವಷ್ಟ ಕುಡಿ. ಜಾಗ ಸಾಲದಿದ್ರ ಕೂತು ಹೆಸರ ಕೆರದು ತಗಿ." ಅವನು ಹೋದ. ಕೆರೆಯ ದಂಡೆಯಲ್ಲಿ ಕೂತು ಅಕ್ಷರ ಕೆರೆಯತೊಡಗಿದ. ಇನ್ನೂ ದಾನಶೂರದಲ್ಲೇ ಇದ್ದಾನೆ ಅಂತ ಕೇಳಿದ್ದೇನೆ.

ಕೂಸು ಮಾತ್ರ ಇನ್ನೂ ಹೆಸರಿಲ್ಲದೆ ಮಲಗಿತ್ತು. "ಅಕ್ಕಾ, ಬಾ" ಅಂದಳು ಕಳಕವ್ವ. ಫಕೀರವ್ವ ಕೂಸನ್ನು ಆ ತೊಟ್ಟಿಲಿಂದ ಎತ್ತಿ ಮೊರದಲ್ಲಿ ಮಲಗಿಸಿದಳು. ಬಗ್ಗಿದಳು. ಜೀವಮಾನವಿಡೀ ಕಾದ ಬೆನ್ನು ಅದು. ಕಿವಿಗೆ ಬಾಯಿ ಹಚ್ಚಿ "ಕುರ್ರ್" ಅಂದಳು. ಹೆಂಗಸರೆಲ್ಲ ಸೇರಿ ಗುದ್ದಿದರು. ಅವಳ ಬಾಯಿಂದ ಕೆರೆ ಬರಲಿಲ್ಲ, ಮರ ಬರಲಿಲ್ಲ. ಅವಳು ಯಾರದನ್ನೂ ತಿಂದಿರಲಿಲ್ಲವಲ್ಲ. ಒಂದು ಹೆಸರು ಬಂತು, ಅಷ್ಟೆ.

"ಬಾಳವ್ವ."

ಕೂಸು ಅಳು ನಿಲ್ಲಿಸಿತು.

ಇದರ ನೀತಿ ಏನು ಅಂತೀರಾ? ಹೊಟ್ಟೆ ದೊಡ್ಡದಿದ್ದವರು ನಿಮ್ಮ ಮನೆಗೆ ಹೆಸರಿಡಲು ಬಂದರೆ ಬೇಡ ಅನ್ನಬೇಡಿ. ಒಳಗೆ ಕರೆಯಿರಿ, ಬಗ್ಗಿಸಿರಿ, ಶಾಸ್ತ್ರ ಒಂದನ್ನೂ ಬಿಡಬೇಡಿ. ಕತೆ ಕೆರೆಗೆ ಹೋಯಿತು, ನಾನು ಕೊಡ ಎತ್ತಿಕೊಂಡು ಅದರ ಹಿಂದೆ ಹೊರಟೆ. ಈ ಕತೆ ಯಾರ ಕೊಡುಗೆಯೂ ಅಲ್ಲ, ಚಪ್ಪಾಳೆ ಬೇಡ, ಕೈ ಇಳಿಸಿ.